ದಪ್ಪ ದನೀದು ಕೊಡ್ರಿ

೧೨ ಜನವರಿ ೨೦೦೪, ಸೋಮವಾರ

ಹದಿನೈದು ದಿನ ಬಾಯಿ ತೆರೆಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಪಿಸುಮಾತು ಕೂಡ ಬೇಡವಂತೆ, ಅದು ಇನ್ನೂ ಕೆಟ್ಟದ್ದಂತೆ. ಮನೆಯಲ್ಲಿ ಬೇಕು ಬೇಡ ತಿಳಿಸಲು ಒಂದು ಪಾಟಿ ಇದೆ. ಅದರ ಮೇಲೆ ‘ಚಹಾ’, ‘ಸಾಕು’, ‘ಕಿಟಕಿ ಮುಚ್ಚಿ’ ಎಂದು ಬರೆದು ಒರೆಸುತ್ತೇನೆ. ಉಳಿದದ್ದೆಲ್ಲ ಹೊಟ್ಟೆಯೊಳಗೇ ಕುದಿಯುತ್ತದೆ. ಅದಕ್ಕೇ ಈ ಡೈರಿ. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದನ್ನು ನನ್ನ ಗಂಡ ತಂದುಕೊಟ್ಟರು. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನನಗಿಲ್ಲ. ಬರೆದರೆ ಯಾರು ಕೇಳುತ್ತಾರೆ? ಕಲ್ಲೇಶ. ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬರೆದು ನೋಡಿದರೆ ಒಳ್ಳೆಯ ಹೆಸರೇ.

ಗಂಟಲೊಳಗೆ ಗಂಟುಗಳು ಬೆಳೆದಿದ್ದವು, ಕೊಯ್ದು ತೆಗೆದರು. ಒಂಬತ್ತನೆಯ ವಯಸ್ಸಿನಿಂದ ಮುರುಗೆಪ್ಪಣ್ಣನ ಆರ್ಕೆಸ್ಟ್ರಾದಲ್ಲಿ ಹಾಡಿದವಳು ನಾನು. ಈಗ ಮೂವತ್ತೊಂದು ಆದರೂ ಪೋಸ್ಟರಿನಲ್ಲಿ ಇನ್ನೂ ‘ಬೇಬಿ ಸುಕನ್ಯಾ’. ಮದುವೆ, ಗಣಪತಿ, ಸೊಸೈಟಿಯ ವಾರ್ಷಿಕೋತ್ಸವ ಒಂದನ್ನೂ ಬಿಟ್ಟಿಲ್ಲ. ಹಿಂದಿ ಇರಲಿ ಕನ್ನಡ ಇರಲಿ, ಮೂಲದಲ್ಲಿ ಹಾಡಿದವರ ದನಿ ಹೇಗಿದೆಯೋ ಹಾಗೇ ಎತ್ತುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಕ್ಯಾಸೆಟ್ಟೇ ಹಾಕಿದ ಹಾಗಿದೆ ಎನ್ನುತ್ತಿದ್ದರು. ನಮ್ಮ ಧಂದೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲಿನ ಎತ್ತರದ ಸ್ವರ ಮರಳಿ ಬರುತ್ತದೆಯೇ ಎಂದು ಪಾಟಿಯ ಮೇಲೆ ಬರೆದು ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು, “ನೋಡೂಣಂತ” ಎಂದರು.

೨೭ ಜನವರಿ

ಇವತ್ತು ಬಾಯಿ ತೆರೆದೆ. “ಅವ್ವಾ” ಎಂದೆ. ನನಗೇ ಹೆದರಿಕೆಯಾಯಿತು. ಗೋಣಿಚೀಲವನ್ನು ನೆಲದ ಮೇಲೆ ಎಳೆದಂತಹ ದನಿ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ತಿರುಗಿ ನೋಡಿದಳು. ನಮ್ಮವ್ವ ಮಾಳವ್ವನ ಬಾಯಿಗೆ ಸುಳ್ಳು ಬರುವುದಿಲ್ಲ.

“ಯವ್ವಾ, ನಿಮ್ಮಪ್ಪ ಎದ್ದು ಬಂದು ಕರದಂಗ ಆತಲ್ಲ!”

ಅಪ್ಪ ಸತ್ತು ಹನ್ನೊಂದು ವರ್ಷವಾಯಿತು. ಅವ್ವ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

೧೫ ಫೆಬ್ರವರಿ

ಮುರುಗೆಪ್ಪಣ್ಣ ಬಂದಿದ್ದ. ಒಂದು ಡಜನ್ ಬಾಳೆಹಣ್ಣು, ಒಂದು ಹಾರ್ಲಿಕ್ಸ್ ಬಾಟಲಿ. ಬೇನೆಯವರನ್ನು ನೋಡಲು ಬರುವಾಗ ತರುವ ಸಾಮಾನು. ಹಾಡು ಎನ್ನಲಿಲ್ಲ. ನಾನೇ ಹಾಡಿದೆ. ಎರಡನೆಯ ಸಾಲಿಗೆ ಮೇಲೆ ಹೋಗಬೇಕಾದಲ್ಲಿ ದನಿ ಮುರಿದು ಬರೀ ಗಾಳಿ ಬಂತು.

“ಇರ್ಲಿ ಬಿಡವಾ ತಂಗಿ, ಆರಾಮ ತಗೋ” ಎಂದ. ಹೊಸ್ತಿಲ ಹತ್ತಿರ ಹೋದ ಮೇಲೆ, ಬೆನ್ನು ತಿರುಗಿಸಿಕೊಂಡೇ, “ಗದಗಿಂದ ಒಂದು ಹುಡುಗೀನ್ನ ಕರಸೇನಿ. ಅಫ್ರೀನ್ ಅಂತ. ಲಗ್ನದ ಸೀಜನ್ ಅಲ್ಲೇನವಾ, ಬುಕಿಂಗ್ ಆಗ್ಯಾವು” ಎಂದ.

“ಅನೌನ್ಸ್ ಮಾಡ್ತೇನಲ್ಲ ಅಣ್ಣಾ?” ಎಂದೆ.

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅನೌನ್ಸಿಗೂ ಈ ದನಿ ನಡೆಯುವುದಿಲ್ಲ ಎಂದು ನನಗೆ ತಿಳಿಯಿತು.

೨೦ ಫೆಬ್ರವರಿ

ಜೋಳ ಹಸನು ಮಾಡಿದೆ. ಬೇರೇನಿಲ್ಲ.

೯ ಮಾರ್ಚ್

ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ, “ಹೇಳ್ರಿ ಅಣ್ಣಾರ” ಎಂದಳು. ಇಟ್ಟುಬಿಟ್ಟೆ. ಇನ್ನು ಫೋನ್ ಮುಟ್ಟುವುದಿಲ್ಲ. ಕಾಯಿಪಲ್ಲೆಗೂ ಅವ್ವನೇ ಹೋಗುತ್ತಾಳೆ.

ಸಂಜೆ ಜಾಕೀರ ಬಂದ. ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸುವವನು. ಹತ್ತು ವರ್ಷ ನನ್ನ ಬೆನ್ನ ಹಿಂದೆ ಕುಳಿತು ತಾಳ ಹಿಡಿದವನು. ಧಾರವಾಡದ ಉಳವಪ್ಪ ಎಂಬುವವರು ಮೊದಲ ಸಿನಿಮಾಕ್ಕೆ ಸಂಗೀತ ಕೊಡುತ್ತಿದ್ದಾರಂತೆ. ಜಾಕೀರನಿಂದ ಒಂದು ರ‍್ಯಾಪ್ ಹಾಡಿಸುತ್ತಾರಂತೆ. ಅದರ ನಡುವೆ ಒಂದು ಹೆಣ್ಣುದನಿ ಬೇಕಂತೆ.

“ಎಂಥಾ ದನಿ?” ಎಂದೆ.

“ಛಂದ ಇರಬಾರದು ಅಂದ್ರು. ಎದ್ಯಾಗಿಂದ ಬರಬೇಕು, ಸ್ವಲ್ಪ ಒಡದಂಗಿರಬೇಕು ಅಂದ್ರು. ನಂಗ ನಿನ್ನ ನೆನಪಾತು, ಸುಕನ್ಯಾಕ್ಕ.”

ಎದ್ದು ಹೋಗು ಎಂದೆ. ಒಡೆದ ಮಡಕೆ ಬೇಕೆಂದಾಗ ನನ್ನ ಮನೆ ನೆನಪಾಯಿತಂತೆ. ಅವನು ಚಹಾ ಮುಗಿಸಿಯೇ ಎದ್ದ. ವಿಳಾಸದ ಚೀಟಿಯನ್ನು ಟಿವಿಯ ಮೇಲೆ ಇಟ್ಟು ಹೋಗಿದ್ದಾನೆ.

೧೪ ಮಾರ್ಚ್, ರವಿವಾರ

ಹೋದೆ. ಯಾಕೆ ಹೋದೆನೆಂದು ಕೇಳಿದರೆ ಗೊತ್ತಿಲ್ಲ. ಮನೆಯಲ್ಲಿ ಜೋಳವೆಲ್ಲ ಹಸನಾಗಿತ್ತು.

ಧಾರವಾಡದ ಸಪ್ತಾಪುರದಲ್ಲಿ ಒಂದು ಹಳೆಯ ಮನೆ. ಕಿಟಕಿ ಗೋಡೆಗೆಲ್ಲ ಗಾದಿ ಕಟ್ಟಿ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿದ್ದಾರೆ. ಒಂದು ಕಂಪ್ಯೂಟರು, ಒಂದು ಮೈಕು. ಫ್ಯಾನ್ ಹಾಕಿದರೆ ಸದ್ದಾಗುತ್ತದೆಂದು ಫ್ಯಾನ್ ಇಲ್ಲ. ಉಳವಪ್ಪ ನನಗಿಂತ ಚಿಕ್ಕವರು, ಗಡ್ಡ ಬಿಟ್ಟಿದ್ದಾರೆ. ಮೊದಲು ಒಂದು ಸಿಡಿ ಹಾಕಿ ಕೇಳಿಸಿದರು. ಅಮೆರಿಕದ ಕರಿಯ ಹೆಂಗಸೊಬ್ಬಳು ಹಾಡುತ್ತಿದ್ದಳು. ಮಾತು ತಿಳಿಯಲಿಲ್ಲ. ನಮ್ಮ ಓಣಿಯಲ್ಲಿ ಜಗಳಕ್ಕೆ ನಿಂತ ಹೆಣ್ಣುಮಗಳು ಜಗಳದ ನಡುವೆ ಅತ್ತುಬಿಟ್ಟರೆ ಹೇಗಿರುತ್ತದೋ ಹಾಗಿತ್ತು.

“ಇದಕ್ಕ ಸೋಲ್ ಅಂತಾರ್ರೀ ಅಕ್ಕಾರ.”

“ಸೋಲ? ಸೋತವರ ಹಾಡೇನ್ರಿ?”

ಜಾಕೀರ ನಕ್ಕು ಬಿದ್ದ. ಉಳವಪ್ಪ ನಗಲಿಲ್ಲ. “ಸೋಲ್ ಅಂದ್ರ ಆತ್ಮ ಅಂತರಿ. ಆದ್ರ ನೀವು ಹೇಳಿದ್ದೂ ತಪ್ಪೇನಲ್ಲ. ಸೋತವರು ಎದ್ದು ನಿಂತು ಹಾಡಿದ್ದ ಅದು” ಎಂದರು.

ಸಿನಿಮಾದ ಹೆಸರು ‘ಗಬ್ಬೂರ ಬೈಪಾಸ್’. ರಸ್ತೆ ಅಗಲ ಮಾಡಲು ಮಷೀನು ಬಂದಾಗ ಬುಟ್ಟಿ ಇಟ್ಟುಕೊಂಡು ಮಾರುವ ಹೆಣ್ಣುಮಕ್ಕಳು ಸರಿಯದೆ ನಿಲ್ಲುತ್ತಾರಂತೆ. ಅಲ್ಲಿ ಬರುವ ಹಾಡು. ಜಾಕೀರ ಊರೂರ ಹೆಸರು ಕೂಗುವ ಕಂಡಕ್ಟರನ ಹಾಗೆ ಬಡಬಡನೆ ಶುರು ಮಾಡಿದ:

“ಸರಿ ಸರಿ ಅಂತೀರಿ, ಎಲ್ಲಿಗಿ ಸರಿಯೂಣ್ರಿ?
ಹಿಂದ ಗ್ವಾಡಿ, ಮುಂದ ಗಾಡಿ, ನಡುವ ನನ್ನಂಗಡಿ!”

ಅದು ನಿಂತಲ್ಲಿ ನನ್ನ ಸಾಲು: “ನಿಂತೇನಿ ನೋಡ, ಇಲ್ಲೇ ನಿಂತೇನಿ.” ಇಷ್ಟೇ. ನಾನು ರೂಢಿಯಂತೆ ದನಿ ಸಣ್ಣಗೆ ಮಾಡಿ ಸಿಹಿಯಾಗಿ ಹಾಡಿದೆ. ಉಳವಪ್ಪ ಕೈ ಎತ್ತಿ ನಿಲ್ಲಿಸಿದರು.

“ಇದು ಯಾರ ದನಿರೀ?”

ಯಾರದೆಂದು ಹೇಳಿದೆ.

“ಅವರು ಮುಂಬೈದಾಗ ಅದಾರ. ನೀವು ಹಾಡ್ರಿ.”

ಶ್ರುತಿ ಇಳಿಸಿದರು. ಮತ್ತೆ ಇಳಿಸಿದರು. ಬಸ್ಸಿನ ಹೊತ್ತಾಯಿತು. ನಾಳೆ ಮತ್ತೆ ಬರಲು ಹೇಳಿದ್ದಾರೆ.

೧೫ ಮಾರ್ಚ್

ಆಯಿತು.

ಶ್ರುತಿ ಎಷ್ಟು ಕೆಳಗೆ ಹೋಯಿತೆಂದರೆ ಇನ್ನು ನೆಲವೇ ಗತಿ ಎನ್ನಿಸಿತು. ಅಲ್ಲಿ ನಿಂತು ಹಾಡಿದೆ. ಬೆವರು ಕಣ್ಣೊಳಗೆ ಇಳಿಯುತ್ತಿತ್ತು, ಒರೆಸಿದರೆ ಬಳೆ ಸದ್ದಾಗುತ್ತದೆಂದು ಬಿಟ್ಟೆ. ಮುಗಿದ ಮೇಲೆ ತಿರುಗಿ ನೋಡಿದೆ. ಜಾಕೀರ ಗೋಡೆಯ ಗಾದಿಗೆ ಮುಖ ಒತ್ತಿಕೊಂಡು ನಿಂತಿದ್ದ. ಚೆನ್ನಾಗಿಲ್ಲವೇನೋ ಎಂದುಕೊಂಡೆ.

ಉಳವಪ್ಪ ಚಹಾ ತರಿಸಿ ವಿಷಯ ಹೇಳಿದರು. ಇದು ಟ್ರ್ಯಾಕ್ ಅಷ್ಟೇ. ಮುಂಬೈಯ ದೊಡ್ಡ ಗಾಯಕಿ ಇದನ್ನು ಕೇಳಿಕೊಂಡು ಹಾಡುತ್ತಾರೆ. ಆಮೇಲೆ ನನ್ನ ದನಿ ತೆಗೆದು ಅವರದನ್ನು ಇಡುತ್ತಾರೆ. ಆಡಿಯೋ ಕಂಪನಿಯವರ ಕರಾರು ಅದು. “ಮೊದಲ ಹೇಳಬೇಕಿತ್ತು, ತಪ್ಪಾತು” ಎಂದರು.

ತಪ್ಪೇನು ಬಂತು? ಒಳ್ಳೆಯದೇ ಆಯಿತು. ಈ ದನಿ ನನ್ನದೆಂದು ಊರಿಗೆ ತಿಳಿಯುವುದು ಬೇಡ.

೧೧ ಏಪ್ರಿಲ್

ರೊಟ್ಟಿ ಬಡಿಯುವಾಗ ಅವ್ವ, “ಅದೇನ ಅದು, ನಿಂತೇನಿ ನಿಂತೇನಿ? ಕುಂದರಬಾರದೇನ?” ಎಂದಳು. ನಾನು ಹಾಡುತ್ತಿದ್ದೆನೆಂದು ನನಗೆ ಗೊತ್ತೇ ಇರಲಿಲ್ಲ.

ಬಿಸಿಲು ಬಹಳ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದೆವು.

೨೩ ಮೇ

ಕ್ಯಾಸೆಟ್ ಬಂತು. ಜಾಕೀರ ತಂದ. ಅವನ ಹೆಸರು ಸಣ್ಣ ಅಕ್ಷರದಲ್ಲಿದೆ, ಆದರೂ ಇದೆ. ಮುಂಬೈ ಗಾಯಕಿಯ ಹೆಸರು ದೊಡ್ಡದು, ಫೋಟೋ ಕೂಡ ಇದೆ. ಮೂವರೂ ಕುಳಿತು ಕೇಳಿದೆವು, ಇವರು ಡಿಪೋದಿಂದ ಬಂದ ಮೇಲೆ ಮತ್ತೊಮ್ಮೆ ಹಾಕಿದೆವು.

ಚೆನ್ನಾಗಿಯೇ ಹಾಡಿದ್ದಾರೆ. ಒಂದು ಸ್ವರ ಅತ್ತಿತ್ತ ಆಗಿಲ್ಲ. ಮಷೀನು ಬಂದು ನಿಂತಾಗ ಅಷ್ಟು ನುಣ್ಣಗೆ ಯಾರು ಹಾಡುತ್ತಾರೆ? ‘ನಿಂತೇನಿ’ ಎನ್ನುವಾಗ ಅವರು ನಿಂತ ಹಾಗೆ ಕೇಳಿಸಲಿಲ್ಲ, ಸೋಫಾದ ಮೇಲೆ ಕುಳಿತ ಹಾಗೆ ಕೇಳಿಸಿತು. ‘ನೋಡ’ ಎಂಬುದನ್ನು ‘ನೋಡಾ’ ಎಂದು ಎಳೆದಿದ್ದಾರೆ. ಅಲ್ಲಿ ಎಳೆಯಬಾರದು. ಕಡಿಯಬೇಕು.

ಹಿತ್ತಲಿಗೆ ಹೋಗಿ ಇದ್ದ ಪಾತ್ರೆಯನ್ನೆಲ್ಲ ತಿಕ್ಕಿದೆ. ತೊಳೆದಿಟ್ಟದ್ದನ್ನೂ ತಿಕ್ಕಿದೆ. ಇವರು ಬಂದು ನೋಡಿ ಸುಮ್ಮನೆ ನೀರು ಸೇದಿಕೊಟ್ಟರು.

೧೨ ಜೂನ್, ಶನಿವಾರ

ಇದನ್ನು ಹೇಗೆ ಬರೆಯಲಿ?

ದುರ್ಗದ ಬೈಲಿನಿಂದ ಅವ್ವನೂ ನಾನೂ ಆಟೋದಲ್ಲಿ ಬರುತ್ತಿದ್ದೆವು. ಮಳೆ ಶುರುವಾಗಿತ್ತು. ಡ್ರೈವರ್ ಟೇಪ್ ಹಾಕಿದ. ಜಾಕೀರನ ರ‍್ಯಾಪು. ನುಣ್ಣನೆಯ ದನಿ ಬರುತ್ತದೆಂದು ಮುಖ ಹೊರಗೆ ತಿರುಗಿಸಿಕೊಂಡೆ. ಬಂದದ್ದು ನಾನು!

ಸಪ್ತಾಪುರದ ಕೋಣೆಯಲ್ಲಿ ಹಾಡಿದ್ದೇ. ಆಟೋದ ಹಿಂದಿನ ಎರಡೂ ಸ್ಪೀಕರ್ ಬಾಕ್ಸಿನಲ್ಲಿ ನಾನು. ಸೀಟು ಅದುರುತ್ತಿತ್ತು. ಅವ್ವ ನನ್ನ ಮಂಡಿ ಹಿಡಿದುಕೊಂಡಳು.

“ತಮ್ಮಾ, ಇದು ಎಲ್ಲಿದು?” ಎಂದೆ.

“ಗುಲಾಬಸಾಬನ ಸ್ಟೀರಿಯೋ ಅಂಗಡ್ಯಾಗ ಕಾಪಿ ಮಾಡಿಕೊಟ್ರಿ. ಎಲ್ಲಾ ಆಟೋದಾಗೂ ಇದ ಐತಿ. ಅಂಗಡ್ಯಾಗ ಮಾರೂ ಕ್ಯಾಸೆಟ್ ಬ್ಯಾರೆ, ಅದು ಸಪ್ಪಗ ಐತಿ.”

“ಹಾಡಿದವರು ಯಾರು?”

“ಯಾರೋ ಏನೋ ಗೊತ್ತಿಲ್ರಿ. ನಮ್ಮ ಕಡ್ಯಾಕಿ ಅದಾಳ ನೋಡ್ರಿ, ಖರೇ. ಕೇಳಿದ್ರ ಬ್ರೇಕ್ ಹಾಕೂ ಮನಸ ಆಗೂದಿಲ್ಲ.”

ಗುಲಾಬಸಾಬ ಜಾಕೀರನ ಸೋದರಮಾವ. ಮನೆ ಮುಟ್ಟಿದವಳೇ ಫೋನ್ ಹಚ್ಚಿ ಜಾಕೀರನನ್ನು ಹಿಡಿದು ಬೈದೆ. ಅವರಿವರ ಹಾಡನ್ನು ಕದ್ದು ಹಂಚುತ್ತೀಯಾ, ಉಳವಪ್ಪನವರ ಗತಿ ಏನು ಎಂದೆ. ಎದುರು ಮನೆಯವರು ಬಾಗಿಲು ತೆರೆದು ನೋಡಿದರು. “ನನ್ನ ಕಡೆ ಇದ್ದ ಟ್ರ್ಯಾಕ್ ಮಾಮು ಒಬ್ಬಗ ಕೇಳಾಕ ಕೊಟ್ಟಿದ್ದೆ ಅಕ್ಕ, ಅಲ್ಲಾನ ಆಣಿ. ಅಷ್ಟ ಕೊಟ್ಟಿದ್ದೆ” ಎಂದ. ಬೈದು ಬೈದು ಸುಸ್ತಾಗಿ ಫೋನ್ ಇಟ್ಟೆ.

ಆಮೇಲೆ ಅವ್ವನಿಗೆ ಹೇಳಿದೆ, ನಾಳೆಯೂ ಆಟೋದಲ್ಲೇ ಹೋಗೋಣ ಎಂದು.

೩ ಜುಲೈ

ಬ್ರಾಡ್‌ವೇಯಲ್ಲಿ ಕ್ಯಾಸೆಟ್ ಅಂಗಡಿಯ ಎದುರು ಸುಮ್ಮನೆ ನಿಂತಿದ್ದೆ. ಛತ್ರಿ ಇತ್ತು, ಮುಖ ಕಾಣುತ್ತಿರಲಿಲ್ಲ. ಕಾಲೇಜು ಹುಡುಗರು ಬಂದು ‘ಗಬ್ಬೂರ ಬೈಪಾಸ್’ ಕೇಳಿದರು. ಅಂಗಡಿಯವನು ಕೊಟ್ಟ.

“ಇದಲ್ಲರೀ, ದಪ್ಪ ದನೀದು ಕೊಡ್ರಿ.”

“ದಪ್ಪ ದನೀದು ಕಂಪನಿಯವರು ಮಾಡಿಲ್ಲೋ ಮಾರಾಯ!”

ಅವರು ಹೋದರು. ಒಬ್ಬ ಪೊಲೀಸ್ ಬಂದ, ಅವನದೂ ಅದೇ ಮಾತು. ನೆಹರೂ ಮೈದಾನದ ಕಡೆಯಿಂದ ಇಬ್ಬರು ನರ್ಸಮ್ಮಂದಿರು ಬಂದರು, ಅವರದೂ ಅದೇ. ಅಂಗಡಿಯವನು ತಲೆ ಚಚ್ಚಿಕೊಂಡು, ಬೆಂಗಳೂರಿಗೆ ವಾಪಸ್ ಕಳಿಸುತ್ತೇನೆ ಈ ಬಾಕ್ಸನ್ನೆಲ್ಲ ಎಂದು ಕೂಗಾಡುತ್ತಿದ್ದ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಅವ್ವ ಕಾಣೆಯಾಗಿದ್ದಳು. ನೋಡಿದರೆ ಅಂಗಡಿಯ ಮುಂದೆ ನಿಂತಿದ್ದಾಳೆ.

“ಯಪ್ಪಾ, ದಪ್ಪ ದನೀದು ಐತೇನ?”

ನಗು ತಡೆಯಲಾಗಲಿಲ್ಲ, ಛತ್ರಿ ಕೆಳಗೆ ಬಿತ್ತು.

೧೯ ಜುಲೈ

ಬೆಳಿಗ್ಗೆ ಉಳವಪ್ಪ ಬಂದರು, ಜೊತೆಗೆ ಆಡಿಯೋ ಕಂಪನಿಯ ಮನುಷ್ಯ. ಬೆಂಗಳೂರಿನವರು. ಇವರು ಡಿಪೋಕ್ಕೆ ಹೊರಟಿದ್ದವರು ನಿಂತರು. ಕಂಪನಿಯವರು ಕುರ್ಚಿಯ ತುದಿಯಲ್ಲಿ ಕುಳಿತು ನಯವಾಗಿ ಮಾತಾಡಿದರು.

“ನೋಡಿ ಮೇಡಂ, ನಿಮ್ಮ ವಾಯ್ಸೇ ಇಡ್ತೀವಿ. ಕ್ಯಾಸೆಟ್‌ನಲ್ಲೂ, ಸಿನಿಮಾದಲ್ಲೂ. ಖುಷಿ ತಾನೆ? ಕವರ್ ಮೇಲೆ ಮಾತ್ರ ಅವರ ಹೆಸರೇ ಇರುತ್ತೆ. ಆಗಲೇ ಪಬ್ಲಿಸಿಟಿ ಆಗೋಗಿದೆ. ಅವರೂ ಒಪ್ಪಿದ್ದಾರೆ.”

ಇವರು ಮೆಲ್ಲಗೆ, “ಒಪ್ಪಿಕೋ. ದನಿಯಂತೂ ನಿಂದ ಇರ್ತದಲ್ಲ” ಎಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಅಷ್ಟರಲ್ಲಿ ನಾನು ಮಾತು ಶುರು ಮಾಡಿದ್ದೆ.

“ನೋಡ್ರಿ ಸಾಹೇಬ್ರ, ಇಪ್ಪತ್ತೆರಡು ವರ್ಷ ಮಂದೀ ದನ್ಯಾಗ ಹಾಡೇನಿ. ಅವರಂಗ ಹಾಡ್ತಾಳ ಅಂದ್ರು, ಖುಷಿಪಟ್ಟೆ. ಹೆಸರು ಕೇಳ್ಲಿಲ್ಲ, ಯಾಕಂದ್ರ ದನಿ ನಂದಾಗಿರಲಿಲ್ಲ. ಈ ದನಿ ನಂದು. ಇದರಂಗ ಇನ್ನೊಬ್ಬರು ಹಾಡಿದ್ರ ಮಂದಿ ವಾಪಸ್ ಕೊಟ್ರು, ನೀವ ನೋಡೀರಿ. ಇದರ ಮ್ಯಾಲ ಬ್ಯಾರೇದವರ ಹೆಸರು ಹೆಂಗ ಬರೀತೀರಿ? ಆ ಗಾಯಕೀನ ಕೇಳ್ರಿ, ಆಕಿಗರ ಅದು ಸೇರತೈತೇನು?”

“ಮೇಡಂ, ನೀವು ಹೊಸಬರು...”

“ಹೌದ್ರಿ, ಹೊಸಬಳ ಅದೇನಿ. ಹೆಸರು ಹಾಕ್ರಿ, ಇಲ್ಲಾ ಆ ಸಪ್ಪಂದ ಮಾರ್ರಿ.”

ಉಳವಪ್ಪ ಅಲ್ಲಿಯವರೆಗೆ ನೆಲ ನೋಡುತ್ತಿದ್ದರು. ತಲೆ ಎತ್ತಿ, “ಅಕ್ಕಾರ ಹೆಸರಿಲ್ಲಂದ್ರ ನನ್ನ ಹೆಸರೂ ತಗೀರಿ” ಎಂದರು. ಅವರ ಮೊದಲ ಸಿನಿಮಾ ಅದು.

ಕಂಪನಿಯವರು ಎದ್ದರು. ಅವ್ವ, “ಅವಲಕ್ಕಿ ಮಾಡೇನಿ, ತಿಂದು ಹೋಗ್ರಿ” ಎಂದಳು. ಅವರು ತಿನ್ನದೆ ಹೋದರು. ಉಳವಪ್ಪ ಇಬ್ಬರದ್ದೂ ತಿಂದರು.

೨೦ ಜುಲೈ

ಚೆನ್ನಾಗಿ ನಿದ್ದೆ ಬಂತು. ಇವರು ಡಿಪೋಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು, “ನೀ ಹೇಳಿದ್ದ ಬರೋಬ್ಬರಿ ಐತಿ” ಎಂದರು. ಕಿವಿ ಕೆಂಪಾಗಿತ್ತು.

೬ ಆಗಸ್ಟ್

ಫೋನ್ ಬಂದಾಗ ಕೈ ಹಿಟ್ಟಾಗಿತ್ತು, ಹಾಗೇ ಎತ್ತಿದೆ. ಕಂಪನಿಯವರು. ಮುಂಬೈಯ ಗಾಯಕಿಯನ್ನು ಮತ್ತೆ ಕೇಳಿದರೆ, ತಮ್ಮ ಹೆಸರು ತೆಗೆದು ನನ್ನದೇ ಹಾಕಲು ಹೇಳಿದರಂತೆ. ದೊಡ್ಡ ಮನಸ್ಸಿನವರು.

“ಹೆಸರು ಏನಂತ ಹಾಕೋಣ? ಬೇಬಿ ಸುಕನ್ಯಾ ಅಂತಿದೆಯಲ್ವಾ?”

“ಬೇಬಿ ಬ್ಯಾಡ್ರಿ. ಸುಕನ್ಯಾ, ಹುಬ್ಬಳ್ಳಿ ಅಂತ ಹಾಕ್ರಿ.”

೨ ಸೆಪ್ಟೆಂಬರ್

ನನ್ನ ಹೆಸರಿನ ಹೊಸ ಕ್ಯಾಸೆಟ್ ಮೂರು ಬಾರಿ ತರಿಸಿದರೂ ಬ್ರಾಡ್‌ವೇಯಲ್ಲಿ ನಿಲ್ಲುತ್ತಿಲ್ಲವಂತೆ. ಬೆಳಗಾವಿ, ವಿಜಾಪುರ, ದಾವಣಗೆರೆಯಲ್ಲೂ ಅದೇ ಹಾಡಂತೆ. ಧಾರವಾಡದ ಕಾಲೇಜಿನಲ್ಲಿ ಹುಡುಗಿಯರು ಫೀ ಹೆಚ್ಚಿಸಿದ್ದಕ್ಕೆ ಸ್ಟ್ರೈಕ್ ಮಾಡಿ ಗೇಟಿನಲ್ಲಿ ಇದನ್ನೇ ಹಾಡಿದರೆಂದು ಪೇಪರಿನಲ್ಲಿ ಬಂದಿದೆ.

ಮುರುಗೆಪ್ಪಣ್ಣ ಬಂದ. ಈ ಸಲ ಹಾರ್ಲಿಕ್ಸ್ ಇಲ್ಲ, ಪೇಢಾ. ಗಣಪತಿಗೆ ಹನ್ನೊಂದು ಪ್ರೋಗ್ರಾಂ ಇವೆ, ನೀನೇ ಬೇಕೆನ್ನುತ್ತಿದ್ದಾರೆ ಎಂದ. ಅಫ್ರೀನಳನ್ನು ಗದಗಿಗೆ ಕಳಿಸುತ್ತೇನೆ ಎಂದೂ ಹೇಳಿದ.

“ಆಕೀನ್ನ ಕಳಸಿದ್ರ ನಾ ಬರೂದಿಲ್ಲಣ್ಣ. ಮ್ಯಾಲಿನ ಹಾಡು ಆಕಿ ಹಾಡ್ಲಿ. ನಾ ನನ್ನ ಶ್ರುತ್ಯಾಗ ಹಾಡ್ತೇನಿ. ಇನ್ನೊಂದು, ಆಕಿಗೂ ಬೇಬಿ ಗೀಬಿ ಅಂತ ಹೆಸರಿಡಬ್ಯಾಡ.”

ಒಪ್ಪಿದ. ಪೇಢಾ ಬಹಳ ಚೆನ್ನಾಗಿತ್ತು.

೧ ಅಕ್ಟೋಬರ್, ಶುಕ್ರವಾರ

ಸಿನಿಮಾ ಬಿಡುಗಡೆ. ಮ್ಯಾಟಿನಿಗೆ ಹೋದೆವು. ಬಾಲ್ಕನಿಯಲ್ಲಿ ಅವ್ವ, ಇವರು, ನಾನು. ಜಾಕೀರ ತನ್ನ ಗೆಳೆಯರೊಂದಿಗೆ ಕೆಳಗೆ ಮುಂದಿನ ಸಾಲಿನಲ್ಲಿ. ಸಿನಿಮಾ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಹೀರೋ ಸಿಕ್ಕಾಪಟ್ಟೆ ಕೂಗುತ್ತಾನೆ. ಮಂದಿ ಸೀಟಿ ಹೊಡೆಯದೆ ಹಾಡಿಗಾಗಿ ಕಾಯುತ್ತಿದ್ದರು.

ಇಂಟರ್ವಲ್ ಆದ ಮೇಲೆ ಮಷೀನು ಬಂತು. ಬುಟ್ಟಿಯ ಹೆಣ್ಣುಮಕ್ಕಳು ಎದ್ದು ನಿಂತರು. ಜಾಕೀರನ ಮೊದಲ ಸಾಲಿಗೇ ಥಿಯೇಟರು ಎದ್ದಿತು. ನನ್ನ ದನಿ ಬಂದಾಗ ಚಿಲ್ಲರೆ ಪರದೆಯ ಮೇಲೆ ಮಳೆಯ ಹಾಗೆ ಬಿತ್ತು. ಮುಗಿಯುತ್ತಿದ್ದ ಹಾಗೆ “ವನ್ಸ್ ಮೋರ್!” ಆಪರೇಟರ್ ಹಿಂದೆ ಸುತ್ತಿ ಮತ್ತೆ ಹಾಕಿದ. ಮತ್ತೆ “ವನ್ಸ್ ಮೋರ್!” ಮೂರನೆಯ ಸಲ ಜಾಕೀರನ ಸಾಲಿನ ನಡುವೆ ಪಟ್ಟೆಂದು ರೀಲು ಹರಿಯಿತು. ಪರದೆ ಬೆಳ್ಳಗಾಯಿತು. ಲೈಟು ಹತ್ತಿತು. ಮಂದಿ ಕುರ್ಚಿ ಬಡಿಯತೊಡಗಿದರು. ಏನಾದರೂ ಮುರಿಯುತ್ತಾರೆ ಎಂದು ಅವ್ವ ಹೆದರಿ ನನ್ನ ಕೈ ಹಿಡಿದಳು.

ಪರದೆಯ ಮುಂದಿನ ಕಟ್ಟೆಗೆ ಜಾಕೀರ ಹತ್ತಿಬಿಟ್ಟಿದ್ದ.

“ಏ, ಕೇಳ್ರಿ! ರೀಲ್ ಹರದ್ರ ಹರೀಲಿ! ಹಾಡಿದಾಕಿ ಮ್ಯಾಲ ಬಾಲ್ಕನ್ಯಾಗ ಕುಂತಾಳ!”

ಇಡೀ ಥಿಯೇಟರು ಹಿಂದೆ ತಿರುಗಿತು. ನಾನು ಸೆರಗು ಹೊದ್ದುಕೊಂಡೆ. ಇವರು ನಾಲ್ಕು ಜನರ ಮುಂದೆ ನನ್ನ ಜೊತೆ ಮಾತೇ ಆಡದವರು. ಎದ್ದು ನಿಂತು ನನಗೆ ದಾರಿ ಮಾಡಿಕೊಟ್ಟರು.

“ಹೋಗು ಸುಕನ್ಯಾ” ಎಂದರು. ಹೆಸರು ಹಿಡಿದು ಕರೆದರು, ಗಟ್ಟಿಯಾಗಿ.

ಮೆಟ್ಟಿಲು ಇಳಿದು, ಕುರ್ಚಿಗಳ ನಡುವೆ ನಡೆದು ಹೋದೆ. ಯಾರೋ ಕೈಕೊಟ್ಟು ಕಟ್ಟೆಗೆ ಹತ್ತಿಸಿದರು. ಮೈಕ್ ಇಲ್ಲ, ಕೀಬೋರ್ಡ್ ಇಲ್ಲ. ಬಾಲ್ಕನಿಯ ತನಕ ಬರೀ ಮುಖಗಳು. ಜಾಕೀರ ಮಂಡಿಯೂರಿ ಕಟ್ಟೆಯ ಹಲಗೆಯ ಮೇಲೆ ಅಂಗೈಯಿಂದ ತಾಳ ಹಾಕಿದ. ತನ್ನ ಸಾಲು ಹೇಳಿ ನನ್ನ ಕಡೆ ನೋಡಿದ.

ಹಾಡಿದೆ. ಹಿಂದಿನ ಗೋಡೆಗೆ ಹೋಗಿ ತಟ್ಟಿ ದನಿ ತಿರುಗಿ ಬಂತು. ಕುರ್ಚಿ ಬಡಿಯುವುದು ನಿಂತುಹೋಯಿತು. ಎರಡನೆಯ ಸಲ ‘ನಿಂತೇನಿ’ ಎಂದಾಗ ಕೆಳಗಿನ ಮಂದಿ ಎದ್ದು ನಿಂತರು, ಮೂರನೆಯ ಸಲ ಅವರೇ ಹಾಡಿದರು, ನಾನು ಅವರ ಮೇಲೆ ಹಾಡಿದೆ. ಸಾಲಿನ ನಡುವೆ ಮನಸ್ಸಿಗೆ ಬಂದ ಹಾಗೆ ತಿರುವಿದೆ, ಯಾರೂ ಕಲಿಸದ ಜಾಗಕ್ಕೆ ಹೋದೆ. ಎಲ್ಲಿಯೂ ಕಾಲು ಜಾರಲಿಲ್ಲ. ಬಾಲ್ಕನಿಯಲ್ಲಿ ಅವ್ವ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು, ಇವರು ಅವಳು ಬೀಳದಂತೆ ಹಿಡಿದುಕೊಂಡಿದ್ದರು.

ರೀಲು ಜೋಡಿಸಿ ಆಗಿತ್ತಂತೆ. ಆಪರೇಟರ್ ಕಿಂಡಿಯಿಂದ ತಲೆ ಹೊರಗೆ ಹಾಕಿ, “ಹಚ್ಚಲೇನ್ರಿ?” ಎಂದು ಕೂಗಿದ. ಏಳುನೂರು ಮಂದಿ ಒಂದೇ ಬಾಯಿಂದ “ಬ್ಯಾಡಾ!” ಎಂದರು.

ಮತ್ತೆ ಹಾಡಿದೆ. ಅದಾದ ಮೇಲೆ ಇನ್ನೊಂದು. ಫಸ್ಟ್ ಶೋದ ಮಂದಿ ಹೊರಗೆ ನಿಂತಿದ್ದವರು ಬಾಗಿಲು ತೆಗೆಸಿ ಒಳಗೆ ಬಂದು ಗೋಡೆಗೆ ಆತು ನಿಂತರು. ಮ್ಯಾನೇಜರು ಬೈಯಲು ಬಂದವರು ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಲ್ಲಿ ಕುಳಿತರು.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಡುಗೆ ಮಾಡಬೇಡ, ತರುತ್ತೇನೆ ಎಂದು ಇವರು ಹೊರಗೆ ಹೋಗಿದ್ದಾರೆ. ಅವ್ವ ಪಕ್ಕದ ಮನೆಯವರಿಗೆ ಕಥೆ ಹೇಳುತ್ತಿದ್ದಾಳೆ. ಅವಳ ಲೆಕ್ಕದಲ್ಲಿ ಏಳುನೂರು ಆಗಲೇ ಎರಡು ಸಾವಿರ ಆಗಿದೆ.

ಸಿನಿಮಾದ ಕೊನೆ ಏನಾಯಿತೆಂದು ನಮಗ್ಯಾರಿಗೂ ಗೊತ್ತಿಲ್ಲ.